ಆರ್ಡಿತ್ ಬೇಡವೆಂದ ಚೆಕ್

ಸಿಹಿ ಪೈಗಳ ಹರಾಜು ಏರುತ್ತ ಹೋದಷ್ಟೂ ಆರ್ಡಿತ್‌ಳ ತಳಮಳವೂ ಏರುತ್ತ ಹೋಯಿತು. ಕೆಂಟಕಿಯ ಗುಡ್ಡಗಳ ನಡುವಿನ ಆ ಪುಟ್ಟ ಊರಿನ ಅಗ್ನಿಶಾಮಕ ಠಾಣೆಯಲ್ಲಿ ನೀರಿನ ಲಾರಿಗಳನ್ನು ಹೊರಗೆ ನಿಲ್ಲಿಸಿ ಒಳಗೆ ಉದ್ದುದ್ದ ಮೇಜು ಹಾಕಿದ್ದರು. ಕಾಳು, ಮಾಂಸ ಹಾಕಿ ಕುದಿಸಿದ ಖಾರದ ಸಾರು, ಮೆಕ್ಕೆಜೋಳದ ಬ್ರೆಡ್ಡು, ಕೊನೆಗೆ ಮನೆಮನೆಯಲ್ಲಿ ಹಣ್ಣು ತುಂಬಿ ಬೇಯಿಸಿ ತಂದ ಪೈಗಳ ಹರಾಜು. ಒಂದು ಸೇಬಿನ ಪೈಗೆ ನೂರು ಡಾಲರ್ ಕೂಗಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳಿಗೆ ಎದ್ದು ಓಡಿಹೋಗಬೇಕೆನಿಸಿತು. ಓಡಲು ಕಾಲೆಲ್ಲಿ? ಸಕ್ಕರೆ ಕಾಯಿಲೆಗೆ ಒಂದು ಕಾಲನ್ನು ಆಗಲೇ ಒಪ್ಪಿಸಿಯಾಗಿತ್ತು.

ಈ ಸಡಗರವೆಲ್ಲ ಅವಳಿಗಾಗಿಯೇ. ಅವಳ ಮನೆ ಬಾಗಿಲಿಗೆ ಗಾಲಿಕುರ್ಚಿ ಇಳಿಯುವಂಥ ರ‍್ಯಾಂಪ್ ಕಟ್ಟಿಸಿಕೊಡಲು ಊರೇ ಮನಸ್ಸು ಮಾಡಿತ್ತು. ಯಾರದಾದರೂ ಮನೆ ಸುಟ್ಟರೆ, ಯಾರಾದರೂ ಹಾಸಿಗೆ ಹಿಡಿದರೆ ಇಲ್ಲಿ ನಡೆಯುವುದು ಹೀಗೆಯೇ: ಒಂದು ಊಟ, ಒಂದು ಹರಾಜು, ಎಲ್ಲರೆದುರು ಕೈಗೊಂದು ಚೆಕ್. ಶಾಲೆಯ ಅಡುಗೆಮನೆಯಲ್ಲಿ ಜೀವಮಾನವೆಲ್ಲ ದುಡಿದ ಆರ್ಡಿತ್ ಇಂಥ ಊಟಗಳಿಗೂ ಎಷ್ಟೋ ಸಲ ಸೌಟು ಹಿಡಿದಿದ್ದಳು. ಈಗ ಬೇಡವೆನ್ನುವುದು ಹೇಗೆ?

ಎನ್ನದೆ ಗತಿಯೂ ಇರಲಿಲ್ಲ. ವಯಸ್ಸಾದವರಿಗೆ ಸರ್ಕಾರ ಕೊಡುವ ಮೆಡಿಕೇರ್ ಅವಳಿಗಿತ್ತು. ಡಾಕ್ಟರಿಗೆ, ಆಸ್ಪತ್ರೆಗೆ ಅದು ಆಗುತ್ತಿತ್ತು. ಆದರೆ ದಿನಾ ಬೆಳಿಗ್ಗೆ ಬಂದು ಎಬ್ಬಿಸಿ, ಸ್ನಾನ ಮಾಡಿಸಿ, ಕುರ್ಚಿಗೆ ಕೂರಿಸುವ ಟ್ರೂಡಿಗೆ ಸಂಬಳ ಕೊಡುತ್ತಿದ್ದುದು ಬಡವರಿಗೆಂದು ಇರುವ ಮೆಡಿಕೇಡ್. ಎರಡಕ್ಕೂ ಇಷ್ಟು ಹತ್ತಿರದ ಹೆಸರಿಟ್ಟ ಪುಣ್ಯಾತ್ಮ ಎಂದೂ ಕಾಯಿಲೆ ಬಿದ್ದಿರಲಾರ. ಈ ಎರಡನೆಯದಕ್ಕೊಂದು ಹಟ: ಇರುವ ಮನೆ ಬಿಟ್ಟು ನಿನ್ನ ಹೆಸರಿನಲ್ಲಿ ಎರಡು ಸಾವಿರ ಡಾಲರ್‌ಗಿಂತ ಹೆಚ್ಚಿರಕೂಡದು. ಊರಿನ ಪ್ರೀತಿ ಅವಳ ಖಾತೆಗೆ ಬಿದ್ದರೆ ಟ್ರೂಡಿ ಬರುವುದು ನಿಲ್ಲುತ್ತದೆ. ಆಮೇಲೆ ರ‍್ಯಾಂಪ್ ಇದ್ದರೆಷ್ಟು, ಬಿಟ್ಟರೆಷ್ಟು?

ಮೊದಲೇ ಹೇಳಬಹುದಿತ್ತು. ನಾಚಿಕೆ ಬಿಡಲಿಲ್ಲ. ಮೆಡಿಕೇಡ್ ಎಂದರೆ ಈ ಊರಿನಲ್ಲಿ ಬೈಗುಳವಿದ್ದಂತೆ. ಅದರಲ್ಲೂ ಠಾಣೆಯ ಮುಖ್ಯಸ್ಥ ವೆಂಡೆಲ್ "ಸರ್ಕಾರದ ದುಡ್ಡಲ್ಲಿ ಕೂತು ತಿನ್ನೋರು" ಎಂದು ಶುರು ಮಾಡಿದರೆ ಅವನನ್ನು ನಿಲ್ಲಿಸಲು ಬೆಂಕಿಯೇ ಬೀಳಬೇಕು.

ಟ್ರೂಡಿ ಅವಳ ಕಿವಿಯ ಬಳಿ ಬಗ್ಗಿದಳು. "ಈಗ್ಲಾದ್ರೂ ನೀವು ಹೇಳ್ತೀರೋ, ನಾನ್ ಹೇಳ್ಲೋ?"

"ಬಾಯ್ ಮುಚ್ಕೊಂಡಿರೇ. ಜನ ನೋಡ್ತಿದಾರೆ."

"ನೋಡ್ಲಿ. ನಾಳೆ ಬೆಳಿಗ್ಗೆ ನಿಮ್ಮನ್ನ ಎಬ್ಸೋಕೆ ಈ ಜನ ಬರ್ತಾರಾ?"

ಅಷ್ಟರಲ್ಲಿ ವೆಂಡೆಲ್ ಮೈಕಿನ ಸಮೇತ ಬಂದೇಬಿಟ್ಟ. "ಆರ್ಡಿತ್ ಅತ್ತೇ, ನಾಲ್ಕು ಸಾವಿರ ದಾಟ್ತು! ನಿಮ್ಮ ಹೆಸ್ರಿಗೇ ಬರ್ದಿದೀನಿ ನೋಡಿ!" ಎಂದು ಚೆಕ್ಕನ್ನು ಅವಳ ಮಡಿಲಲ್ಲಿಟ್ಟ.

"ತಗೊಂಡ್ಹೋಗೋ ಇದನ್ನ. ರ‍್ಯಾಂಪ್ ಕಟ್ಟೋ ಬಡಗಿಗೇ ನೇರವಾಗಿ ಕೊಟ್ಬಿಡು."

"ಏನತ್ತೆ, ನನ್ ಹತ್ರ ಸಂಕೋಚಾನಾ? ಸ್ಕೂಲಲ್ಲಿ ನಿಮ್ಮ ಕೈಯಲ್ಲಿ ತಿಂದು ಬೆಳ್ದೋನು ನಾನು."

"ಸಂಕೋಚ ಅಲ್ವೋ. ನಾನು ಮೆಡಿಕೇಡ್‌ನಲ್ಲಿದೀನಿ. ಈ ದುಡ್ಡು ನನ್ನ ಖಾತೆಗೆ ಬಂದ್ರೆ ಟ್ರೂಡಿನ ಕಳ್ಕೋತೀನಿ."

ಮೈಕು ಅವನ ಕೈಯಲ್ಲೇ ಇತ್ತು. ಇಡೀ ಠಾಣೆಗೆ ಕೇಳಿಸಿತು. ವೆಂಡೆಲ್‌ನ ಮುಖ ಇಳಿಯಿತು. ಮೈಕು ಆರಿಸಿ ತಗ್ಗಿದ ದನಿಯಲ್ಲಿ, "ನೀವು ಅಂಥೋರಲ್ಲ ಅಂದ್ಕೊಂಡಿದ್ದೆ ಅತ್ತೆ," ಎಂದ. "ನಮ್ಮಮ್ಮನ್ನ ನೋಡಿ. ನರ್ಸಿಂಗ್ ಹೋಮ್ ಸೇರಿ ಎಷ್ಟು ವರ್ಷ ಆಯ್ತು! ಎಲ್ಲ ಅವಳ ಸ್ವಂತ ಇನ್ಶೂರೆನ್ಸು. ಯಾರ ಮುಂದೂ ಕೈ ಚಾಚಿಲ್ಲ."

 ವೆಂಡೆಲ್‌ನ ತಾಯಿ ಓಪಲ್ ಆರ್ಡಿತ್‌ಳ ಹಳೆಯ ಗೆಳತಿ. ಮೆಡಿಕೇರ್ ಅಷ್ಟು ದೀರ್ಘ ಕಾಲ ನರ್ಸಿಂಗ್ ಹೋಮ್ ಖರ್ಚು ನೋಡುವುದಿಲ್ಲ. ಓಪಲ್ ಕೂಡಿಟ್ಟದ್ದೆಲ್ಲ ಮೊದಲ ವರ್ಷವೇ ಕರಗಿ, ಅಂದಿನಿಂದ ಅವಳ ಹಾಸಿಗೆಗೂ ಅನ್ನಕ್ಕೂ ದುಡ್ಡು ಕಟ್ಟುತ್ತಿರುವುದು ಇದೇ ಮೆಡಿಕೇಡ್. ಕಾಗದಪತ್ರ ನೋಡಿಕೊಂಡ ಮಗಳಿಗೆ ಇದು ಗೊತ್ತು. "ವೆಂಡೆಲ್‌ಗೆ ಮಾತ್ರ ಗೊತ್ತಾಗೋದು ಬೇಡ ಕಣೇ, ತಲೆ ಎತ್ಕೊಂಡು ಓಡಾಡಲ್ಲ ಅವ್ನು," ಎಂದು ಓಪಲ್ ಆರ್ಡಿತ್‌ಳ ಕೈ ಹಿಡಿದು ಅತ್ತಿದ್ದಳು.

ಹೇಳಿಬಿಡಲೇ? ಒಂದೇ ಮಾತು ಸಾಕಿತ್ತು. ನಾಲಿಗೆ ತುದಿಗೆ ಬಂದದ್ದನ್ನು ಹಲ್ಲು ಕಚ್ಚಿ ತಡೆದಳು. ಸಿಟ್ಟಿಗೆ ಕಣ್ಣಲ್ಲಿ ನೀರು ಬಂತು. ನೀರು ಕಂಡ ವೆಂಡೆಲ್, ಪಾಪ ನಾಚಿಕೊಂಡಳೆಂದು ತಿಳಿದು ಕರಗಿದ.

"ಹೋಗ್ಲಿ ಬಿಡಿ ಅತ್ತೆ. ನೀವು ಎಷ್ಟಾದ್ರೂ ನಮ್ಮೋರು," ಎಂದು ಅವಳನ್ನು ಕ್ಷಮಿಸಿದವನಂತೆ ಭುಜ ತಟ್ಟಿದ. ಚೆಕ್ ಹರಿದು, ಬಡಗಿಯ ಹೆಸರಿಗೆ ಹೊಸದನ್ನು ಬರೆದ. ಚಪ್ಪಾಳೆ ಬಿತ್ತು, ಮೊದಲಿನಷ್ಟಿರಲಿಲ್ಲ.

ಹೊರಗೆ ವ್ಯಾನಿಗೆ ಹತ್ತಿಸುವಾಗ ಟ್ರೂಡಿ ಕುದಿಯುತ್ತಿದ್ದಳು. ವಾರಕ್ಕೆರಡು ದಿನ ಆ ನರ್ಸಿಂಗ್ ಹೋಮಿನಲ್ಲೂ ಕೆಲಸ ಮಾಡುವ ಅವಳಿಗೆ ಓಪಲ್‌ಳ ವಿಷಯ ಗೊತ್ತಿತ್ತು. "ಅಷ್ಟೆಲ್ಲ ಅನ್ನಿಸ್ಕೊಂಡ್ರಲ್ಲ! ಅವ್ನ ಬಾಯಿ ಮುಚ್ಸೋಕೆ ಆಗ್ತಿರ್ಲಿಲ್ವಾ?"

"ಆಗ್ತಿತ್ತು," ಎಂದಳು ಆರ್ಡಿತ್. "ಆದ್ರೆ ಭಾನುವಾರ ಅವ್ನು ಅಮ್ಮನ್ನ ನೋಡೋಕೆ ಹೋಗ್ತಾನೆ. ಇವತ್ತು ಯಾವ ಮುಖದಲ್ಲಿ ನನ್ನ ನೋಡಿದ್ನೋ, ಅದೇ ಮುಖ ಹೊತ್ಕೊಂಡು ಅವಳ ಹತ್ರ ಹೋಗೋದು ಬೇಡ."