ಪಕ್ಕದಲ್ಲಿ ಒಂದಾಳಿನ ಜಾಗ

ನಾಯಿಯ ಕತ್ತಿನ ಬೆಲ್ಟಿನಲ್ಲಿ, ಕೊನೆಯ ತೂತಿನಿಂದ ಒಂದು ಬೆರಳಗಲ ಒಳಗೆ, ನಾನು ಇನ್ನೊಂದು ತೂತು ಕೊರೆದೆ. ಒಲೆಯ ಮೇಲೆ ಕೆಂಪಗೆ ಕಾಯಿಸಿದ ದಬ್ಬಳದಿಂದ. ಸುಟ್ಟ ಚರ್ಮದ ವಾಸನೆ ಸಂಜೆಯವರೆಗೂ ಅಡುಗೆಮನೆ ಬಿಟ್ಟು ಹೋಗಲಿಲ್ಲ.

ದಬ್ಬಳ ಅಪ್ಪನದು. ಮಂಡಿ ಮೊಹಲ್ಲಾದಲ್ಲಿ ಅವರದು ಗೋಣಿಚೀಲದ ಅಂಗಡಿ. ಹರಿದ ಚೀಲ ಹೊಲಿಯುವ ಆ ದಪ್ಪ ಸೂಜಿ ಸದಾ ಅವರ ಅಂಗಿಯ ಜೇಬಿನ ಅಂಚಿಗೆ ಚುಚ್ಚಿಕೊಂಡಿರುತ್ತಿತ್ತು. ಆಷಾಢದಲ್ಲಿ ಅಂಗಡಿಯ ಗಲ್ಲಾದ ಮುಂದೆ ಕೂತಲ್ಲೇ ಅಪ್ಪ ತೀರಿಕೊಂಡರು. ಅಂದಿನಿಂದ ನಾಯಿ ಊಟ ಬಿಟ್ಟಿತು. ಪೂರ್ತಿ ಬಿಟ್ಟಿತೆಂದಲ್ಲ, ತಟ್ಟೆಯ ಅಂಚಿನಲ್ಲಿ ಮೊಸರನ್ನ ಒಂದಿಷ್ಟು ನೆಕ್ಕುತ್ತಿತ್ತು, ನೀರು ಕುಡಿಯುತ್ತಿತ್ತು. ಉಳಿದದ್ದು ಕಾಗೆಗೆ. ದಿನಗಳು ಹೋದಂತೆ ಅದರ ಪಕ್ಕೆಲುಬು ಎಣಿಸುವ ಹಾಗಾಯಿತು.

ಆ ನಾಯಿಗೆ ಹೆಸರಿಲ್ಲ. ಅಪ್ಪ "ಏನ್ಲಾ" ಎಂದು ಕರೆಯುತ್ತಿದ್ದರು. ಅವರು ಹೋದ ಮೇಲೆ ನಾನೂ ಅಮ್ಮನೂ ಏನೆಂದು ಕರೆಯಬೇಕೆಂದು ತಿಳಿಯದೆ, ತಟ್ಟೆ ಬಡಿದು ಕರೆಯುತ್ತಿದ್ದೆವು.

ವಿಜಯನಗರದ ನಾಯಿ ಡಾಕ್ಟರು ಅದರ ರಕ್ತ ತೆಗೆದು ನೋಡಿ, ಎಲ್ಲ ಸರಿಯಾಗಿದೆ ಎಂದರು. "ಕಾಯಿಲೆ ಇಲ್ಲಮ್ಮ. ಆದರೆ ವಯಸ್ಸಾಗಿದೆ, ಹೀಗೇ ಬಿಟ್ಟರೆ ಉಳಿಯಲ್ಲ. ಒಂದು ನಾಲ್ಕು ದಿನ ಎಲ್ಲಾದ್ರೂ ಬೇರೆ ಕಡೆ ಕರ್ಕೊಂಡು ಹೋಗಿ ನೋಡಿ. ಆ ಮನೇಲಿ ಎಲ್ಲ ಅವರ ವಾಸನೇನೇ ಇರುತ್ತೆ."

ಹಾಗೆ ನಾನು ಫೋನಿನಲ್ಲಿ ಹುಡುಕಿ, ಕರಾವಳಿಯ ಒಂದು ಚಿಕ್ಕ ರೆಸಾರ್ಟಿನಲ್ಲಿ ಕೋಣೆ ಹಿಡಿದೆ. ನಾಯಿ, ಬೆಕ್ಕುಗಳನ್ನು ಕರೆದೊಯ್ಯಬಹುದಾದ ಜಾಗ. ಅಮ್ಮ ಬರುವುದಿಲ್ಲವೆಂದುಕೊಂಡಿದ್ದೆ. ಅದು ಪಿತೃಪಕ್ಷದ ಕೊನೆಯ ವಾರ. ಮಹಾಲಯ ಅಮಾವಾಸ್ಯೆಯ ದಿನ ನಮ್ಮ ದೊಡ್ಡಪ್ಪನ ಮನೆಯಲ್ಲಿ ಹಿರಿಯರಿಗೆಲ್ಲ ಎಡೆ ಇಡುತ್ತಾರೆ. ಬಾಳೆಲೆಯ ಮೇಲೆ ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ಧೂಪ ಹಾಕಿ, ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚುವುದು. ಅವರು ಬಂದು ಉಣ್ಣಲಿ ಎಂದು ಸ್ವಲ್ಪ ಹೊತ್ತು ಹೊರಗೇ ಕೂತಿರುವುದು. ಆಮೇಲೆ ಬಾಗಿಲು ತಟ್ಟಿ, ಒಳಗಿರುವವರಿಗೆ ಎದ್ದು ಹೋಗಲು ಸಮಯ ಕೊಟ್ಟು, ತೆಗೆಯುವುದು. ಒಳಗೆ ಇಣುಕಿ ನೋಡುವಂತಿಲ್ಲ.

"ನಾನೂ ಬತ್ತೀನಿ ಬುಡು," ಎಂದಳು ಅಮ್ಮ. "ವರ್ಷ ತುಂಬೋಗಂಟ ಅವ್ರನ್ನ ಹಿರೀಕರ ಜೊತೆ ಸೇರ್ಸಂಗಿಲ್ವಂತೆ. ಎಲ್ರಿಗೂ ಎಲೆ ಹಾಕಿ ಅವ್ರೊಬ್ರಿಗೆ ಹಾಕ್ದೆ ಇರೋದನ್ನ ನಾನು ನಿಂತ್ಕಂಡು ನೋಡ್ಲಾ?"

ಅಪ್ಪ ಚೀಲ ಸಾಗಿಸುತ್ತಿದ್ದ ಹಳೆಯ ವ್ಯಾನಿನಲ್ಲಿ ಹೊರಟೆವು. ಅಮ್ಮ ರಾಗಿಹಿಟ್ಟಿನ ಡಬ್ಬವನ್ನೂ ಮುದ್ದೆ ಕೋಲನ್ನೂ ಟವೆಲಿನಲ್ಲಿ ಸುತ್ತಿ ಕಾಲ ಬಳಿ ಇಟ್ಟುಕೊಂಡಿದ್ದಳು. ಸಮುದ್ರದ ಊರಿಗೆ ಇದೇಕೆ ಎಂದು ನಾನು ಕೇಳಲಿಲ್ಲ.

ರೆಸಾರ್ಟ್ ಎಂದರೆ ಮರಳಿನ ಅಂಚಿನಲ್ಲಿ ಹೆಂಚಿನ ನಾಲ್ಕು ಕೋಣೆ, ಮುಂದೆ ಗಾಳಿಮರಗಳ ಸಾಲು. ಮಳೆಗಾಲ ಆಗಷ್ಟೇ ಮುಗಿದಿತ್ತು. ನಮ್ಮನ್ನು ಬಿಟ್ಟರೆ ಬೇರೆ ಯಾರೂ ಇರಲಿಲ್ಲ. ಒಂದೊಂದು ಬಾಗಿಲ ಪಕ್ಕದಲ್ಲೂ ನಾಯಿಗೆಂದು ಒಂದು ಸ್ಟೀಲ್ ಬಟ್ಟಲು, ತೊಳೆದು ಬೋರಲು ಹಾಕಿದ್ದು. ಗೇಟಿನ ಮೇಲೆ ಬೋರ್ಡು: "ಸಾಕುಪ್ರಾಣಿಗಳಿಗೆ ಸ್ವಾಗತ. ಯಜಮಾನರು ಜೊತೆಯಲ್ಲಿ ಇರತಕ್ಕದ್ದು." ಅಮ್ಮ ಅದನ್ನು ಓದಿ ಸೆರಗು ಸರಿಮಾಡಿಕೊಂಡಳು.

ನಾಯಿ ಗೇಟು ದಾಟಲಿಲ್ಲ. ವ್ಯಾನಿನ ಕಡೆ ಮುಖ ಮಾಡಿ ನಿಂತೇ ಇತ್ತು. ರೆಸಾರ್ಟ್ ನಡೆಸುವ ಹೆಂಗಸು, ಅಮ್ಮನಷ್ಟೇ ವಯಸ್ಸಿನವರು, ಕೈ ಒರೆಸಿಕೊಳ್ಳುತ್ತ ಬಂದರು.

"ಹಿಂದೆ ಇನ್ನು ಯಾರಾದ್ರೂ ಬರ್ಲಿಕ್ಕುಂಟಾ?"

"ಇಲ್ಲ. ನಾವಿಬ್ಬರೇ," ಎಂದೆ.

"ಮತ್ತೆ ಇದು ಯಾರನ್ನು ಕಾಯುದು ಮಾರಾಯ್ರೆ? ಬಂದ ನಾಯಿಗಳೆಲ್ಲ ನೇರ ನೀರಿಗೆ ಓಡುದು. ಆಮೇಲೆ ಅವುಗಳ ಮೈಯ ಮರಳು ಹಾಸಿಗೆಯಿಂದ ತೆಗೀಲಿಕ್ಕೆ ನನಗೆ ವಾರ ಬೇಕು."

ನಾನು ಹಗ್ಗ ಎಳೆದೆ. ಅದು ಅಲುಗಲಿಲ್ಲ. ವ್ಯಾನಿನ ಡ್ರೈವರ್ ಕಡೆಯ ಬಾಗಿಲನ್ನೇ ನೋಡುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ, ಯಾರೋ ಇಳಿದು ಬಾಗಿಲು ಹಾಕಿಕೊಂಡು ಬಂದರೆ ಹೇಗೋ ಹಾಗೆ, ತಾನಾಗಿಯೇ ತಿರುಗಿ ನಮ್ಮ ಜೊತೆ ಒಳಗೆ ಬಂತು.

ಆ ಸಂಜೆ ಅದನ್ನು ದಡದ ಮೇಲೆ ನಡೆಸಿದೆ. ಕುಂಬಾರಕೊಪ್ಪಲಿನ ನಮ್ಮ ಓಣಿ ಕಿರಿದು. ಅಲ್ಲಿ ನಾಯಿ ನನ್ನ ಹಿಂದೆಯೋ ಮುಂದೆಯೋ ನಡೆಯಬೇಕು. ಇಲ್ಲಿ ಬೇಕಾದಷ್ಟು ಅಗಲವಿತ್ತು. ಅದು ನನ್ನ ಎಡಕ್ಕೆ ಬಂತು, ಆದರೆ ಪಕ್ಕಕ್ಕೆ ಬರಲಿಲ್ಲ. ಹಗ್ಗ ಎಷ್ಟು ಮೋಟು ಮಾಡಿ ಹಿಡಿದರೂ ನಡುವೆ ಒಂದಾಳು ನಡೆಯುವಷ್ಟು ಜಾಗ ಬಿಟ್ಟುಕೊಂಡೇ ನಡೆಯಿತು. ನಾನು ಹತ್ತಿರ ಸರಿದರೆ ಅದು ಅಷ್ಟೇ ದೂರ ಸರಿಯಿತು. ಅಪ್ಪನ ಜೊತೆ ಹೋಗುವಾಗ ಅದು ಅವರ ಎಡಗಾಲಿಗೆ ಮೈ ತಾಗಿಸಿಕೊಂಡು ನಡೆಯುತ್ತಿದ್ದುದು ನೆನಪಿದೆ. ಈಗಲೂ ಅದರ ಬಲಭುಜ ಯಾವುದಕ್ಕೋ ಆತುಕೊಂಡಂತೆ ಒಳಕ್ಕೆ ವಾಲಿತ್ತು.

ತಿರುಗಿ ನೋಡಿದೆ. ಒದ್ದೆ ಮರಳಿನಲ್ಲಿ ನನ್ನ ಹೆಜ್ಜೆ, ಅದರ ಹೆಜ್ಜೆ. ನಡುವೆ ಏನೂ ಇರಲಿಲ್ಲ. ಆ ದಡದ ಮೇಲೆ ಸಮುದ್ರವೂ ಸದ್ದು ಮಾಡುತ್ತಿರಲಿಲ್ಲ. ಅಲೆ ಬರುತ್ತಿತ್ತು, ನೊರೆ ಹಾಸುತ್ತಿತ್ತು, ಹೋಗುತ್ತಿತ್ತು, ಅಷ್ಟೇ.

ರೆಸಾರ್ಟಿನಾಕೆ ಬಂಗುಡೆ ಮೀನು ಬೇಯಿಸಿ, ಮುಳ್ಳು ತೆಗೆದು, ಅನ್ನಕ್ಕೆ ಕಲಸಿ ತಂದರು. "ಬಂಗುಡೆ ಪರಿಮಳಕ್ಕೆ ಏಳದ ನಾಯಿಯನ್ನು ನಾನು ನೋಡ್ಲಿಲ್ಲ," ಎಂದರು. ನಮ್ಮದು ಮೂಸಿ, ಮುಖ ತಿರುಗಿಸಿ ಮಲಗಿತು. ಆಕೆ ಬಟ್ಟಲು ಎತ್ತಿಕೊಂಡು ಹೋದರು. ಮರುದಿನವೂ ಹಾಗೇ ಆಯಿತು. ಆಮೇಲಿನ ದಿನ ಅದು ನೀರನ್ನೂ ಬಿಟ್ಟಿತು. ನಾನು ಡಾಕ್ಟರಿಗೆ ಫೋನ್ ಮಾಡಿದೆ. ನಾಳೆ ನಾಡಿದ್ದರಲ್ಲಿ ತಿನ್ನದಿದ್ದರೆ ವಾಪಸು ಕರೆತನ್ನಿ ಎಂದರು. ಕರೆತಂದರೆ ಏನು ಮಾಡಬಹುದು ಎಂಬುದನ್ನು ಹೇಳಲಿಲ್ಲ.

ಅಂದು ಅಮಾವಾಸ್ಯೆ. ಮಧ್ಯಾಹ್ನ ಅಮ್ಮ ಮುದ್ದೆ ಕೋಲು ಹಿಡಿದು ರೆಸಾರ್ಟಿನ ಅಡುಗೆಮನೆಗೆ ಹೋದಳು.

"ಅಲ್ಲಿ ಬ್ಯಾಡ ಅಂದ್ರು. ಇಲ್ಲಿ ಯಾರು ಕೇಳ್ತಾರೆ," ಎಂದಳು ನನಗೆ. ರೆಸಾರ್ಟಿನಾಕೆಯ ಹತ್ತಿರ, "ನಾಟಿ ಕೋಳಿ ಸಿಕ್ತದೇನ್ರೀ?"

"ಊರ ಕೋಳಿಯಾ? ತರಿಸುವಾ." ಮುದ್ದೆ ತೊಳಸುವುದನ್ನು ಆಕೆ ಪಕ್ಕದಲ್ಲೇ ನಿಂತು ನೋಡಿದರು. "ಇದನ್ನು ಅಗಿಯುದು ಹೇಗೆ?"

"ಅಗೀಬಾರ್ದು ಕಣ್ರೀ. ಮುರ್ದು, ಸಾರಲ್ಲಿ ಅದ್ದಿ, ನುಂಗ್ಬೇಕು."

"ಹಲ್ಲಿಗೆ ಕೆಲಸವೇ ಇಲ್ಲ ಹಾಗಾದ್ರೆ. ನಿಮ್ಮವರಿಗೆ ಇದೇ ಇಷ್ಟವಾ?"

"ಇದಿಲ್ದಿದ್ರೆ ಉಂಡಂಗೇ ಅಲ್ಲ ಅನ್ನೋರು. ಮದ್ವೆ ಮನೇಲಿ ಉಂಡ್ಕೊಂಡು ಬಂದು, ಮನೇಲಿ ಮತ್ತೆ ಮುದ್ದೆ ಕೇಳೋರು."

ಸಂಜೆ, ಇನ್ನೂ ಬೆಳಕಿರುವಾಗಲೇ, ನಮ್ಮ ಕೋಣೆಯ ನೆಲ ಒರೆಸಿ ಅಮ್ಮ ಎಡೆ ಇಟ್ಟಳು. ಬಾಳೆಲೆ, ಅದರ ಮೇಲೆ ಮುದ್ದೆ, ಕೋಳಿ ಸಾರಿನ ಬಟ್ಟಲು, ಅನ್ನ, ಒಂದು ಲೋಟ ಕಾಫಿ. ಎಲೆಯ ಮುಂದೆ, ಕೂರುವವರಿಗೆಂದು, ಮಡಿಸಿದ ಹೊಸ ಪಂಚೆ. ನಾಯಿಯನ್ನು ಗಾಳಿಮರಕ್ಕೆ ಕಟ್ಟುವ ಕೆಲಸ ನನ್ನದು, ಕಟ್ಟಿದೆ. ಎಡೆಗೆ ನಾಯಿ ಬಾಯಿ ಹಾಕಿದರೆ ಸತ್ತವರು ಹಸಿದೇ ಹೋಗುತ್ತಾರೆ ಎಂಬ ನಂಬಿಕೆ ಅಮ್ಮನದು. ಧೂಪದ ಹೊಗೆಯಲ್ಲಿ ಕಣ್ಣು ಕಾಣದಷ್ಟಾದಾಗ ಇಬ್ಬರೂ ಹೊರಗೆ ಬಂದೆವು. ಅಮ್ಮ ಬಾಗಿಲು ಎಳೆದುಕೊಂಡಳು.

ಮರಳಿನ ಮೇಲೆ, ಕೋಣೆಗೆ ಬೆನ್ನು ಹಾಕಿ ಕೂತೆವು. ಗಾಳಿ ನಿಂತಿತ್ತು, ಗಾಳಿಮರಗಳೂ ಸುಮ್ಮನಿದ್ದವು. ಸ್ವಲ್ಪ ಹೊತ್ತಿನ ಮೇಲೆ ನಾನು ನಾಯಿಯ ಕಡೆ ತಿರುಗಿದೆ.

ಮರದ ಬುಡದಲ್ಲಿ ಹಗ್ಗವಿತ್ತು. ಹಗ್ಗದ ತುದಿಯಲ್ಲಿ ಬೆಲ್ಟಿತ್ತು. ಬಕಲ್ ಹಾಕಿದ ಹಾಗೆಯೇ, ನಾನು ಕೊರೆದ ತೂತಿನಲ್ಲೇ. ಆ ತೂತಿಗೂ ನಿಲ್ಲದಷ್ಟು ಅದರ ಕತ್ತು ಸಣ್ಣಗಾಗಿತ್ತು.

ನಾನು ನೀರಿನ ತನಕ ಓಡಿದೆ. ಎರಡೂ ಕಡೆ ದಡ ಖಾಲಿ. ಒದ್ದೆ ಮರಳಿನಲ್ಲಿ ಹೊಸ ಹೆಜ್ಜೆ ಒಂದೂ ಇರಲಿಲ್ಲ. ವಾಪಸು ಬರುವಾಗ ಅಮ್ಮ ಎದ್ದು ನಿಂತಿದ್ದಳು, ತಲೆ ಒಂದು ಕಡೆಗೆ ಓರೆ ಮಾಡಿ. ಕೋಣೆಯ ಒಳಗಿನಿಂದ ಸದ್ದು ಬರುತ್ತಿತ್ತು. ತಪ್, ತಪ್, ತಪ್. ಬಾಲ ನೆಲಕ್ಕೆ ಬಡಿಯುವ ಸದ್ದು. ಆಷಾಢದಿಂದ ಈಚೆಗೆ ನಾವು ಅದನ್ನು ಕೇಳಿರಲಿಲ್ಲ.

"ಹೊಗೇಲಿ ಒಳಿಕ್ಕೆ ನುಗ್ಗ್‌ಬುಟ್ಟದೆ," ಎಂದಳು ಅಮ್ಮ. "ಎಡೆ ಕೆಡಿಸ್ತು ಕಣೆ. ಅವ್ರು ಉಣ್ಣದಂಗೆ ಆಯ್ತು."

ನಾನು ಕಿಟಕಿಯ ಕಡೆ ಹೆಜ್ಜೆ ಇಟ್ಟೆ.

"ನೋಡ್ಬಾರ್ದು."

ನೋಡಿದೆ. ಸೊಳ್ಳೆ ಜಾಲರಿ, ಅದರ ಹಿಂದೆ ಹೊಗೆ. ನಾಯಿ ಎಲೆಗೆ ಬಾಯಿ ಹಾಕಿರಲಿಲ್ಲ. ಮಡಿಸಿದ ಪಂಚೆಯ ಎಡಕ್ಕೆ, ಅದಕ್ಕೆ ಮೈ ತಾಗಿಸಿ ಕೂತಿತ್ತು. ಎಲೆಯನ್ನು ನೋಡುತ್ತಿರಲಿಲ್ಲ. ಕತ್ತೆತ್ತಿ, ಕೂತ ಗಂಡಸಿನ ಮುಖ ಎಷ್ಟು ಎತ್ತರದಲ್ಲಿರುತ್ತದೋ ಅಲ್ಲಿಗೆ ನೋಡುತ್ತಿತ್ತು. ಬಾಲ ಬಡಿಯಿತು, ನಿಂತಿತು. ತಲೆ ಬಗ್ಗಿಸಿ, ತನ್ನ ಮುಂಗಾಲಿನ ಹತ್ತಿರ ನೆಲದ ಮೇಲಿದ್ದ ಏನನ್ನೋ ತಿಂದಿತು. ಮತ್ತೆ ಮೇಲೆ ನೋಡಿತು. ಬಾಲ ಬಡಿಯಿತು. ಮತ್ತೆ ತಲೆ ಬಗ್ಗಿಸಿ ತಿಂದಿತು.

ನೆಲಕ್ಕೆ ಅದು ಹೇಗೆ ಬಂತು ಎಂಬುದನ್ನು ನಾನು ನೋಡಲಿಲ್ಲ. ನೋಡಿದ್ದರೆ ಇಲ್ಲಿ ಬರೆಯುತ್ತಿದ್ದೆ.

ಅಮ್ಮ ಬಾಗಿಲು ತಟ್ಟಿದಳು. ಒಳಗಿರುವವರಿಗೆ ತಿಳಿಯಲೆಂದು ಕೆಮ್ಮಿದಳು. ಒಳಗೆ ಹೋಗುವ ಮೊದಲು ಬಾಗಿಲಿನಿಂದ ಒಂದು ಪಕ್ಕಕ್ಕೆ ಸರಿದು ನಿಂತಳು, ಯಾರಿಗೋ ದಾರಿ ಬಿಡುವವಳಂತೆ. ನಾನೂ ಸರಿದೆ.

ಸಾರು ಚೆಲ್ಲಿರಲಿಲ್ಲ. ಅನ್ನ ಕದಡಿರಲಿಲ್ಲ. ಎಲೆಯ ಮೇಲೆ ಮುದ್ದೆ ಇಟ್ಟಲ್ಲೇ ಇತ್ತು. ಅದರ ಎಡ ಮಗ್ಗುಲಲ್ಲಿ ಬೆರಳಿನಲ್ಲಿ ಮುರಿದಂತೆ ಒಂದೆರಡು ಚೂರು ಇರಲಿಲ್ಲ. ನಾಯಿಯ ಮೂತಿಗೆ ಸಾರಿನ ಜಿಡ್ಡು ಅಂಟಿರಲಿಲ್ಲ. ಅದು ನಮ್ಮನ್ನು ನೋಡಿ, ಎದ್ದು, ಮಂಚದ ಕೆಳಗೆ ಹೋಗಿ ಮಲಗಿತು.

ಅಮ್ಮ ಬಹಳ ಹೊತ್ತು ಆ ಮುದ್ದೆಯನ್ನು ನೋಡುತ್ತ ನಿಂತಿದ್ದಳು. ಆಮೇಲೆ ಪಂಚೆ ಎತ್ತಿ ಮಡಿಲಲ್ಲಿಟ್ಟುಕೊಂಡು ನೆಲದ ಮೇಲೆ ಕೂತಳು.

"ನಿಮ್ಮಪ್ಪ ಮಧ್ಯಾಹ್ನ ಉಣ್ಣಕ್ಕೆ ಬರೋರಲ್ವಾ, ಮೂರು ಗಂಟೆಗೆ. ನಾನು ಮಲಗಿರ್ತಿದ್ದೆ. ನಡುಮನೆ ಬಾಗ್ಲು ಹಾಕ್ಕೊಂಡು ಉಣ್ಣೋರು. ನನ್ನ ನಿದ್ದೆ ಕೆಡಬಾರ್ದು ಅಂತ ಅನ್ಕಂಡಿದ್ದೆ."

ನನಗೂ ಹಾಗೆಯೇ ಗೊತ್ತಿತ್ತು. ನಾಯಿ ನಡುಮನೆಗೆ ಬರಬಾರದು, ತಟ್ಟೆಯಿಂದ ಅದಕ್ಕೆ ಹಾಕಬಾರದು ಎಂಬುದು ಅಮ್ಮನ ಕಟ್ಟಪ್ಪಣೆ. ಅಪ್ಪ ಅದನ್ನು ಮೀರಿದ್ದನ್ನು ನಾವು ಯಾರೂ ಕಂಡಿರಲಿಲ್ಲ. ಮುಚ್ಚಿದ ಬಾಗಿಲ ಒಳಗೆ ದಿನಾ ಇಬ್ಬರು ಉಣ್ಣುತ್ತಿದ್ದರು. ಹಿತ್ತಿಲಿನ ತಟ್ಟೆಯಲ್ಲಿ ಅಮ್ಮ ಹಾಕುತ್ತಿದ್ದುದು ಮೊದಲಿನಿಂದಲೂ ಕಾಗೆಯ ಪಾಲು.

"ಕೇಳಿದ್ರೆ ನಾನೇನು ಬ್ಯಾಡ ಅಂತಿದ್ನಾ," ಎಂದಳು. ಪಂಚೆಯ ಮಡಿಕೆ ಸರಿಮಾಡಿ, "ಅಂತಿದ್ದೆ ಅನ್ಸುತ್ತೆ," ಎಂದಳು.

ಎಡೆಯ ಊಟವನ್ನು ಪ್ರಸಾದದಂತೆ ನಾವಿಬ್ಬರೂ ಹಂಚಿಕೊಂಡು ಉಂಡೆವು. ರೆಸಾರ್ಟಿನಾಕೆಗೂ ಒಂದು ಪಾಲು ಕೊಟ್ಟೆವು. ಆಕೆ ಮುದ್ದೆ ನುಂಗಲು ಹೆಣಗುವುದನ್ನು ನೋಡಿ ಅಮ್ಮ ನಕ್ಕಳು. ಕಿಟಕಿಯಲ್ಲಿ ಕಂಡದ್ದನ್ನು ನಾನು ಇಬ್ಬರಿಗೂ ಹೇಳಲಿಲ್ಲ. ನಾಯಿಗೆ ಬಟ್ಟಲಿನಲ್ಲಿ ಸಾರು ಮುದ್ದೆ ಹಾಕಿದೆವು. ಅದು ಮೂಸಲೂ ಇಲ್ಲ.

ಮರುದಿನ ಬೆಳಿಗ್ಗೆ, ಅಮ್ಮ ಏಳುವ ಮೊದಲು, ಉಳಿದ ಹಿಟ್ಟಿನಲ್ಲಿ ನಾನೇ ಒಂದು ಮುದ್ದೆ ಮಾಡಿದೆ. ಗಂಟು ಗಂಟಾಯಿತು. ಪಕ್ಕದ ಖಾಲಿ ಕೋಣೆಯ ಬೀಗದ ಕೈ ಕೇಳಿ ತೆಗೆದುಕೊಂಡು, ನಾಯಿಯನ್ನು ಕರೆದುಕೊಂಡು ಒಳಗೆ ಹೋಗಿ ಬಾಗಿಲು ಹಾಕಿದೆ. ನೆಲದ ಮೇಲೆ ತಟ್ಟೆ ಇಟ್ಟುಕೊಂಡು ಕೂತೆ. ಮೊದಲು ನಾನೊಂದು ತುತ್ತು ನುಂಗಿದೆ. ಆಮೇಲೆ ಒಂದು ಚೂರು ಮುರಿದು, ಸಾರಿಗೆ ಅದ್ದದೆ, ಎಡಕ್ಕೆ ನೆಲದ ಮೇಲೆ ಇಟ್ಟೆ.

ನಾಯಿ ಬಂತು. ನಿಂತಿತು. ಚೂರನ್ನು ನೋಡಿತು, ನನ್ನನ್ನು ನೋಡಿತು. ಕೂರಲಿಲ್ಲ.

"ಏನ್ಲಾ," ಎಂದೆ.

ಕಿವಿ ನಿಮಿರಿದವು. ಆದರೂ ಅದು ನಿಂತೇ ಇತ್ತು, ಜಾಗವಿಲ್ಲದವರ ಹಾಗೆ. ನಾನು ತಟ್ಟೆಯನ್ನೂ ಚೂರನ್ನೂ ಇದ್ದಲ್ಲೇ ಬಿಟ್ಟು, ಒಂದಾಳು ಕೂರುವಷ್ಟು ಬಲಕ್ಕೆ ಸರಿದೆ. ಅದು ಬಂದು ನಾನು ಬಿಟ್ಟ ಜಾಗದ ಎಡ ಮಗ್ಗುಲಿಗೆ ಕೂತು, ಒಮ್ಮೆ ಮೇಲೆ ನೋಡಿ, ತಲೆ ಬಗ್ಗಿಸಿ ತಿಂದಿತು.

ನಾನು ಕೈ ಚಾಚಿ ಇನ್ನೊಂದು ಚೂರು ಮುರಿದೆ.