ಸೇಬಿಗೆ ಬ್ಯಾರನ್ ಕಾವು

ಅಪ್ಪನಿಗೆ ಕಣ್ಣಿನ ಪೊರೆ ತೆಗೆಸಿ ಪಿರಿಯಾಪಟ್ಟಣದ ನಮ್ಮ ಮನೆಗೆ ಕರೆದುಕೊಂಡು ಬಂದ ಮೇಲೆ ಮನೆ ತುಂಬ ಸೇಬು. ಆಸ್ಪತ್ರೆಯಿಂದ ಬಂದವರನ್ನು ನೋಡಲು ನಮ್ಮ ಕಡೆ ಯಾರೂ ಬರಿಗೈಯಲ್ಲಿ ಬರುವುದಿಲ್ಲ. ರಾವಂದೂರಿನ ನೆಂಟರು, ಹಾರನಹಳ್ಳಿಯ ಬೀಗರು, ಅಪ್ಪನ ಜೊತೆ ತಂಬಾಕು ಹರಾಜಿಗೆ ಹೋಗುತ್ತಿದ್ದ ಹಳೆಯ ಗೆಳೆಯರು, ಎಲ್ಲರೂ ಬಸ್ಸಿಳಿದು ಒಂದೇ ತಳ್ಳುಗಾಡಿಯಿಂದ ಸೇಬು ಕೊಂಡು ತಂದರು. ಅಪ್ಪನಿಗೆ ಮುಂದಿನ ಹಲ್ಲಿಲ್ಲ. ಒಂದೊಂದನ್ನೂ ಕೈಯಲ್ಲಿ ಹಿಡಿದು ಸವರಿ, “ಚೆನ್ನಾಗದೆ” ಎಂದು ವಾಪಸು ಇಡುತ್ತಿದ್ದ.

ಐದನೆಯ ದಿನ ಒಂದೆರಡು ಸುಕ್ಕಾಗತೊಡಗಿದವು. ಮೈದುನ ಗೃಹಪ್ರವೇಶಕ್ಕೆ ಕೊಟ್ಟ ಏರ್ ಫ್ರೈಯರ್ ಎರಡು ವರ್ಷದಿಂದ ಫ್ರಿಡ್ಜಿನ ಮೇಲೆ ಟವೆಲ್ ಹೊದ್ದು ಕುಳಿತಿತ್ತು. ಒಂದು ಸಲ ಹಪ್ಪಳ ಸುಡಲು ಹೋಗಿ, ಒಳಗಿನ ಗಾಳಿಗೆ ಅವು ಹಾರಾಡಿದ್ದನ್ನು ನೋಡಿ ಬೇಸತ್ತು ಮೇಲಿಟ್ಟಿದ್ದೆ. ಈಗ ಇಳಿಸಿ ಒರೆಸಿದೆ. ನಾಲ್ಕು ಸೇಬಿನ ತೊಟ್ಟಿನ ಕಡೆ ಕೊರೆದು ಬೀಜ ತೆಗೆದು, ಬೆಲ್ಲ, ಕಾಯಿತುರಿ, ದ್ರಾಕ್ಷಿ, ಏಲಕ್ಕಿ ಕಲಸಿ ಒಳಗೆ ತುಂಬಿ, ಮೇಲೊಂದು ಚಮಚ ತುಪ್ಪ ಹಾಕಿದೆ.

ಅಪ್ಪ ಅಡುಗೆಮನೆಯ ಬಾಗಿಲಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ಕುರ್ಚಿಯಲ್ಲಿ ಕೂತಿದ್ದ. ಒಲೆಯ ಹತ್ತಿರ ಹೋಗಬಾರದು, ಬಗ್ಗಬಾರದು ಎಂದು ಡಾಕ್ಟರು ಹೇಳಿದ್ದರು. ಆದರೂ ಮಲಗುವ ಮುಂಚೆ ಗೋಡೆ ಹಿಡಿದುಕೊಂಡು ಬಂದು ಗ್ಯಾಸ್ ಸ್ಟವ್‌ನ ಗುಂಡಿಗಳನ್ನು ಮುಟ್ಟಿ ನೋಡದೆ ಅಪ್ಪ ಮಲಗುವುದಿಲ್ಲ. ನನ್ನ ಮದುವೆಯಾದಂದಿನಿಂದ, ನಮ್ಮ ಮನೆಗೆ ಬಂದಾಗಲೆಲ್ಲ ಇದೇ. ನಾನು ಆರಿಸಿದ್ದನ್ನು ನೋಡಿದ್ದರೂ ಸರಿ, ಮುಟ್ಟಲೇಬೇಕು. ಅದನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

“ಅದ್ರಲ್ಲಿ ಬೆಂಕಿ ಎಲ್ಲದೆ?” ಎಂದು ಕೇಳಿದ.

“ಬೆಂಕಿ ಇಲ್ಲಪ್ಪ. ಒಳ್ಗೆ ತಂತಿ ಕಾಯ್ತದೆ, ಫ್ಯಾನು ಬಿಸಿಗಾಳಿ ಸುತ್ತಿಸ್ತದೆ.”

“ಅಂಗಾರೆ ಇದು ಬ್ಯಾರನ್ನೇ ಬುಡು!” ಅಪ್ಪ ನೆಟ್ಟಗೆ ಕೂತ. “ಎಷ್ಟಕ್ಕೆ ಇಟ್ಟೆ?”

“ನೂರ ಎಂಬತ್ತು.”

“ನೂರೆಂಬತ್ತಾ! ಇನ್ನೂ ಅಸೀದು ಕಣವ್ವ ಸೇಬು. ದಂಟು ಒಣಗ್ಸೋವಾಗ್ಲೂ ನಾವು ನೂರರವತ್ತು ದಾಟ್ತಿರ್ನಿಲ್ಲ. ಮೊದ್ಲು ತೊಂಬತ್ತರಲ್ಲಿ ಇಡು. ಬಣ್ಣ ತಿರುಗ್ಲಿ.”

ಬ್ಯಾರನ್ ಎಂದರೆ ನಮ್ಮ ಸೀಮೆಯಲ್ಲಿ ಹೊಗೆಸೊಪ್ಪು ಬೇಯಿಸುವ ಎತ್ತರದ ಮನೆ. ಹೊರಗಿನ ಒಲೆಯಲ್ಲಿ ಸೌದೆ ಉರಿದರೆ, ಒಳಗಿನ ತಗಡಿನ ಕೊಳವೆಗಳು ಕಾದು ಸೊಪ್ಪಿಗೆ ಶಾಖ ಕೊಡುತ್ತವೆ. ಮೊದಲು ಸಣ್ಣ ಕಾವಿನಲ್ಲಿ ಹಸಿರು ಹಳದಿಗೆ ತಿರುಗಬೇಕು, ಆಮೇಲೆ ಎಲೆ ಒಣಗಬೇಕು, ಕೊನೆಗೆ ದಂಟು. ಅಪ್ಪ ನಲವತ್ತು ವರ್ಷ ಇದನ್ನೇ ಮಾಡಿದವನು. ಅವನ ಹಳೆಯ ಥರ್ಮಾಮೀಟರಿನ ಡಿಗ್ರಿಯ ಲೆಕ್ಕ ಬೇರೆ, ಈ ಯಂತ್ರದ್ದು ಬೇರೆ. ಅದರ ತೊಂಬತ್ತೆಂದರೆ ಬೇಸಿಗೆಯ ಬಿಸಿಲು, ಇದರ ತೊಂಬತ್ತೆಂದರೆ ನೀರು ಕುದಿಯಲು ಇನ್ನೇನು ಅನ್ನುವಷ್ಟು. ಹೇಳಲು ಬಾಯಿ ತೆರೆದೆ. ಅಪ್ಪನ ಮುಖದಲ್ಲಿ ಐದು ದಿನದಿಂದ ಇರದಿದ್ದ ಕಳೆ ಇತ್ತು. ಸುಮ್ಮನೆ ತೊಂಬತ್ತಕ್ಕೆ ಇಳಿಸಿದೆ.

ಯಂತ್ರ ಗುಂಯ್ ಎನ್ನುತ್ತಿತ್ತು. ನಾನು ನೆಲದ ಮೇಲೆ ಗೋಡೆಗೆ ಒರಗಿ ಕೂತೆ. ಹೊರಗೆ ಮೋಡ ಕವಿದು, ಮಧ್ಯಾಹ್ನವೋ ಸಂಜೆಯೋ ತಿಳಿಯದಂಥ ಬೆಳಕು. ಬಹಳ ಹೊತ್ತಿನ ಮೇಲೆ ತುಪ್ಪ ಬೆಲ್ಲದ ವಾಸನೆ ಸಣ್ಣಗೆ ಎದ್ದಿತು. ಹಳದಿಗೆ ತಿರುಗುವ ಸೊಪ್ಪಿಗೂ ಒಂದು ಸಿಹಿ ವಾಸನೆಯುಂಟು, ಹಸಿ ಹುಲ್ಲಿಗೆ ಜೇನು ಬಿದ್ದಂತೆ. ಎರಡೂ ಎಲ್ಲೋ ಒಂದಾದವು. ನಾನು ಅಡುಗೆಮನೆಯಲ್ಲೇ ಇದ್ದೆ, ಬ್ಯಾರನ್ನಿನ ಮುಂದೆಯೂ ಇದ್ದೆ.

ಆಗ ನನಗೆ ಹತ್ತೊಂಬತ್ತು. ಅಪ್ಪ ಗದ್ದೆಯ ಕಡೆ ಹೋಗುತ್ತ, “ನಾ ಬರೋವರ್ಗೂ ಕಾವು ನೋಡ್ಕೊ” ಎಂದಿದ್ದ. ಮೊದಲ ಸಲ ನನಗೆ ಒಪ್ಪಿಸಿದ್ದು. ಒಲೆಯ ಬಾಯಿಯಲ್ಲಿ ಕೆಂಡ ಬಣ್ಣ ಬದಲಾಯಿಸುವುದನ್ನು ನೋಡುತ್ತ ಕೂತೆ. ಕೆಂಪು, ಕಿತ್ತಳೆ, ಬೂದಿಯ ಕೆಳಗೊಂದು ನೀಲಿ. ಅದರೊಳಗೆ ನನಗೆ ಬೀದಿಗಳು ಕಂಡವು, ದೀಪ ಹಚ್ಚಿದ ಮನೆಗಳು ಕಂಡವು. ಕಣ್ಣು ಬಿಟ್ಟಾಗ ಅಪ್ಪ ಎದುರಿಗೆ ನಿಂತಿದ್ದ. ನಾನು ತುಂಬಿದ ಸೌದೆ ಜಾಸ್ತಿಯಾಗಿ ಕಾವು ಏರಿ, ಸೊಪ್ಪು ಹಳದಿಗೆ ತಿರುಗದೆ ಹಸಿರಾಗಿಯೇ ಒಣಗಿಹೋಗಿತ್ತು. ಒಂದು ಬ್ಯಾರನ್ ಪೂರ್ತಿ. ಅಪ್ಪ ಬೈಯಲಿಲ್ಲ. “ಆಯ್ತು ಬುಡು” ಅಂದ. ಆದರೆ ಅವತ್ತಿನಿಂದ ಇವತ್ತಿನವರೆಗೆ, ಸ್ನಾನದ ಹಂಡೆಯ ಉರಿಯನ್ನೂ ನನ್ನ ಪಾಲಿಗೆ ಬಿಡಲಿಲ್ಲ. ನಾನು ಇಬ್ಬರು ಮಕ್ಕಳನ್ನು ಸಾಕಿದೆ, ಊರಿಗೆಲ್ಲ ಅಡುಗೆ ಮಾಡಿ ಬಡಿಸಿದೆ. ಅಪ್ಪನ ಲೆಕ್ಕದಲ್ಲಿ ಮಾತ್ರ ಕಾವು ಕಾಯಲು ಬಾರದವಳಾಗಿಯೇ ಉಳಿದೆ.

“ನೋಡ್ತಿದ್ದೀಯೇನವ್ವ?” ಬಾಗಿಲಿನಿಂದ ಧ್ವನಿ ಬಂತು. ಅದು ಐದನೆಯ ಸಲ.

ನನಗೆ ರೇಗಿತು. “ನೋಡ್ತಿದ್ದೀನಿ ಕಣಪ್ಪ! ಒಂದಿನ ನಿದ್ದೆ ಬಂದಿದ್ಕೆ ಮೂವತ್ತು ವರ್ಷ ನನ್ನ ಕಾದೆಯಲ್ಲ. ಅವತ್ತೇ ನಾಲ್ಕು ಬಾರಿಸಿದ್ರೆ ನಂಗೆ ಇಷ್ಟು ನೋಯ್ತಿರ್ನಿಲ್ಲ.”

ಅಪ್ಪ ನನ್ನ ಕಡೆ ಮುಖ ತಿರುಗಿಸಿದ. ಕಪ್ಪು ಕನ್ನಡಕದ ಹಿಂದೆ ಏನಿತ್ತೋ ಕಾಣಲಿಲ್ಲ.

“ಸೊಪ್ಪು ಓಯ್ತು ಅಂತ ಕಾದೆ ಅಂದ್ಕಂಡಿದ್ದೀಯಾ?” ಎಂದ. “ಸೊಪ್ಪು ಯಾವನಿಗೆ ಬೇಕಿತ್ತು? ನಾ ಬಂದಾಗ ನಿನ್ ದಾವಣಿ ಸೆರಗು ಒಲೆ ಬಾಯ್ತಾವ ಬಿದ್ದಿತ್ತು. ಕೆಂಡಕ್ಕೂ ಅದಕ್ಕೂ ಒಂದ್ ಗೇಣಿರ್ನಿಲ್ಲ. ನೀನು ಮಗ ಮಲಗ್ದಂಗೆ ಮಲಗಿದ್ದೆ. ಸೆರಗ ಎಳ್ದಾಕ್ಬುಟ್ಟು ನಿಂತ್ಕಂಡೆ. ಆಮೇಲೆ ಬಂದು ಥರ್ಮಾಮೀಟ್ರು ನೋಡ್ದೋಳು ನಿಮ್ಮವ್ವ, ನಾನಲ್ಲ. ಅವತ್ತಿಂದ ನೀನು ಉರಿ ಮುಂದೆ ಕೂತ್ರೆ ನನ್ ಜೀವ ಜೀವದಲ್ಲಿರಲ್ಲ.”

“ಯಾಕಪ್ಪ ಹೇಳ್ಲಿಲ್ಲ?”

“ಏನಂತ ಹೇಳ್ಲಿ? ಬಾಯಲ್ಲಿ ಅಂದ್ರೆ ಎಲ್ಲಿ ಆಗೋಯ್ತದೋ ಅಂತ ಭಯ.”

ಗ್ಯಾಸ್ ಗುಂಡಿ ಮುಟ್ಟುವ ಆ ಒರಟು ಬೆರಳುಗಳು ನೆನಪಾದವು. ಎಷ್ಟು ಸಲ ನಾನು ಹಲ್ಲು ಕಚ್ಚಿ ನೋಡಿದ್ದೆನೋ. ನನಗೆ ನಾಚಿಕೆಯಾಯಿತು, ಅಳುವೂ ಬಂತು. ಸೆರಗಿನಿಂದ ಕಣ್ಣೊರೆಸಿಕೊಳ್ಳಲು ಹೋಗಿ, ಅದನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿಕೊಂಡೆ.

“ಇದ್ರಲ್ಲಿ ಕೆಂಡ ಇಲ್ಲಪ್ಪ,” ಎಂದೆ. “ಸೆರಗೂ ಸಿಕ್ಕಿಸ್ಕೊಂಡಿದ್ದೀನಿ.”

ಅಪ್ಪ ಮೂಗೆಳೆದು ವಾಸನೆ ನೋಡಿದ. “ಈಗ ಬಣ್ಣ ತಿರುಗ್ತಾ ಅದೆ. ಈ ಒತ್ತಲ್ಲೇ ಕಣವ್ವ ಉಷಾರಾಗಿರ್ಬೇಕಾದ್ದು. ವಸಿ ವಸಿಯಾಗಿ ಏರ್ಸು.” ಆಮೇಲೆ ಕುರ್ಚಿಗೆ ಪೂರ್ತಿ ಒರಗಿದ. “ನೀ ನೋಡ್ಕೊ. ನಾ ಒಂದ್ಗಳಿಗೆ ಕಣ್ಮುಚ್ತೀನಿ.”

ಬ್ಯಾರನ್ ಹತ್ತಿಸಿದ ಮೇಲೆ ಅಪ್ಪ ನಿದ್ದೆ ಮಾಡಿದ್ದನ್ನು ನಾನು ಯಾವತ್ತೂ ಕಂಡಿರಲಿಲ್ಲ. ಈಗ ನೋಡುತ್ತಿದ್ದಂತೆಯೇ ತಲೆ ಒಂದು ಕಡೆಗೆ ವಾಲಿತು. ಬಾಯಿ ಸ್ವಲ್ಪ ತೆರೆಯಿತು. ಗೊರಕೆಯೂ ಯಂತ್ರದ ಗುಂಯ್ ಸದ್ದೂ ಸೇರಿಕೊಂಡವು.

ನಾನು ಕದಲಲಿಲ್ಲ. ನೂರಕ್ಕೆ ಏರಿಸಿದೆ, ನೂರಿಪ್ಪತ್ತಕ್ಕೆ, ನೂರೈವತ್ತಕ್ಕೆ. ಹದಿನೈದಿಪ್ಪತ್ತು ನಿಮಿಷದಲ್ಲಿ ಬೇಯುವ ಸೇಬಿಗೆ ಎರಡು ಗಂಟೆ ಹಿಡಿಯಿತು. ಸಿಪ್ಪೆ ಸುಕ್ಕಾಗಿ, ಬೆಲ್ಲ ಕರಗಿ ಅಂಚಿನಲ್ಲಿ ಅಂಟಿ, ತಿರುಳು ಬೆಣ್ಣೆಯಾಗಿತ್ತು. ಸಮಯ ಮುಗಿದರೆ ಯಂತ್ರ ಟಿಣ್ಣನೆ ಗಂಟೆ ಹೊಡೆಯುತ್ತದೆ. ಅದಕ್ಕೆ ಅರ್ಧ ನಿಮಿಷ ಮೊದಲೇ ನಾನು ಸ್ವಿಚ್ ಆರಿಸಿದೆ. ಅಪ್ಪ ಮಲಗಿರಲಿ ಎಂದು.

ಎಷ್ಟೋ ಹೊತ್ತಿನ ಮೇಲೆ ಎದ್ದ. ಆರಿಸಿದೆಯಾ ಎಂದು ಕೇಳಲಿಲ್ಲ, ಮುಟ್ಟಿ ನೋಡಲು ಏಳಲೂ ಇಲ್ಲ.

“ಸೇಬು ತತ್ತಾ ಅವ್ವ,” ಎಂದು ಕೈ ಚಾಚಿದ.