ಕಚ್ಚಾ ಹೊಲಿಗೆ ಹಾಕಿದ ಹನ್ನೆರಡನೇ ಭಾಗ

ಬೀಗ ರಿಪೇರಿ ಮಾಡುವ ಅವನನ್ನು ಬೀದಿಯವರೆಲ್ಲ ಬೀಗದಣ್ಣ ಎನ್ನುತ್ತಿದ್ದರು. ತನ್ನ ನೆರಳನ್ನೂ ನಂಬದ ಆಸಾಮಿ. ಕೀಲಿ ಕಳೆದುಕೊಂಡವರಿಗೆ ಮೂವತ್ತು ವರ್ಷ ಬಾಗಿಲು ತೆಗೆದುಕೊಟ್ಟಿದ್ದ. ಅವರಲ್ಲಿ ಎಷ್ಟು ಜನ ನಿಜಕ್ಕೂ ಆ ಮನೆಯವರು ಎಂಬ ಗುಮಾನಿ ಅವನಿಗೆ ಇನ್ನೂ ಹೋಗಿರಲಿಲ್ಲ. ಕಣ್ಣು ಮುಚ್ಚಿ ನಂಬಿದ್ದು ಇಬ್ಬರನ್ನೇ. ಒಬ್ಬಳು ಬಟ್ಟೆ ಹೊಲಿಯುವ ಅಕ್ಕ. ಇನ್ನೊಬ್ಬ ಕಾಮಿಕ್ಸ್ ಪುಸ್ತಕದ ಮಿಂಚುಳ್ಳಿ, ನೀಲಿ ಮೇಲಂಗಿಯ ವೀರ.

ಅಕ್ಕ ತಮ್ಮ ಇಬ್ಬರೂ ಚಿಕ್ಕಂದಿನಿಂದ ಮಿಂಚುಳ್ಳಿಯ ಬೆನ್ನು ಬಿದ್ದವರು. ಈ ವರ್ಷ ನಾಲ್ಕು ಸರಣಿಗಳ ವೀರರೆಲ್ಲ ಒಂದೇ ಮಹಾಕಥೆಯೊಳಗೆ ಬಂದು ಬಿದ್ದಿದ್ದರು. ವಾರಕ್ಕೊಂದರಂತೆ ಹದಿನಾರು ಭಾಗ. ವೀರರಲ್ಲೇ ಒಬ್ಬ ದ್ರೋಹಿ, ಯಾರೆಂದು ಗೊತ್ತಿಲ್ಲ. ಬೆಸ ಸಂಖ್ಯೆಯ ಭಾಗ ತಮ್ಮ ಕೊಳ್ಳುವುದು, ಸಮ ಸಂಖ್ಯೆಯದು ಅಕ್ಕ, ಓದಿ ಬದಲಾಯಿಸಿಕೊಳ್ಳುವುದು. ಒಂದು ಬಿಟ್ಟು ಮುಂದಿನದನ್ನು ಓದುವಂತಿಲ್ಲ. ಅಪ್ಪ ಹಾಕಿಕೊಟ್ಟ ಕಟ್ಟಳೆ. ಎದೆನೋವೆಂದು ತಮ್ಮ ಆಸ್ಪತ್ರೆ ಸೇರಿದ್ದಾಗ ಆರನೇ ಭಾಗವನ್ನು ಅಕ್ಕ ಹಾಸಿಗೆಗೇ ತಂದುಕೊಟ್ಟಿದ್ದಳು.

ಅಂಥವಳು ಹನ್ನೆರಡನೇ ಭಾಗ ಕೊಡಲಿಲ್ಲ.

"ಇನ್ನೂ ಬಂದಿಲ್ಲ ಕಣೋ," ಎಂದಳು, ಹೊಲಿಗೆ ಮಿಷನ್ನಿನಿಂದ ತಲೆ ಎತ್ತದೆ.

ಮುಂದಿನ ವಾರ ಹದಿಮೂರನೆಯದು ತರಲು ಹೋದಾಗ ಪುಸ್ತಕದಂಗಡಿಯವನು ನಕ್ಕ. "ಹನ್ನೆರಡು ಬಂದಿಲ್ವಾ? ಬಂದ ದಿನವೇ ನಿಮ್ಮಕ್ಕ ತಗೊಂಡು ಹೋದ್ರಲ್ಲ!"

ಅಲ್ಲಿಗೆ ತಲೆಗೆ ಹುಳ ಹೊಕ್ಕಿತು. ಹದಿಮೂರನೇ ಭಾಗವನ್ನು ಪೇಪರಿನಲ್ಲಿ ಸುತ್ತಿಸಿ, ಮುಖಪುಟವನ್ನೂ ನೋಡದೆ ಸಾಮಾನಿನ ಪೆಟ್ಟಿಗೆಗೆ ಹಾಕಿದ. ಅಕ್ಕ ಸುಳ್ಳು ಹೇಳಿದ್ದಾಳೆ. ಯಾಕೆ? ಭಾವ ಏನಾದರೂ ಕಿವಿ ಊದಿದನೇ? ಜೊತೆಗೆ ಓದಲು ಬೇರೆ ಯಾರಾದರೂ ಸಿಕ್ಕರೇ? ಅಕ್ಕನನ್ನೂ ನಂಬಲಾಗದ ಮೇಲೆ ತನಗಿನ್ನು ಯಾರಿದ್ದಾರೆ ಎಂದು ಸಂಕಟವಾಯಿತು. ಮಾರನೆಯ ದಿನ ಒಂದು ಕೀಲಿಯನ್ನು ಎರಡು ಸಲ ತಪ್ಪಾಗಿ ಉಜ್ಜಿದ.

ಭಾನುವಾರ ಅಕ್ಕನ ಮನೆಗೆ ಹೋಗಿ ಕುಳಿತ. "ಹನ್ನೆರಡನೇದನ್ನ ಯಾರೋ ಬಚ್ಚಿಟ್ಟಿದ್ದಾರೆ ಅನ್ಸುತ್ತಕ್ಕಾ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಅಕ್ಕನ ಕೈ ಸೊಂಟದ ಕೀಲಿಗೊಂಚಲಿಗೆ ಹೋಯಿತು. "ಬಚ್ಚಿಡೋಕೆ ಅದೇನು ಚಿನ್ನಾನಾ?" ಎಂದವಳೇ, ಹೊಲಿದ ಬಟ್ಟೆ ಕೊಟ್ಟು ಬರುತ್ತೇನೆಂದು ಪಕ್ಕದ ಬೀದಿಗೆ ಹೊರಟಳು. ಭಾವ ಕುರ್ಚಿಯಲ್ಲೇ ಗೊರಕೆ ಹೊಡೆಯುತ್ತಿದ್ದ.

ಕಬ್ಬಿಣದ ಬೀರುವಿನ ಬೀಗ ಬೀಗದಣ್ಣನೇ ಕೂರಿಸಿದ್ದು. ಕೇಳದೆ ಯಾರ ಬೀಗಕ್ಕೂ ಕೈ ಹಚ್ಚಿದವನಲ್ಲ. ಅವತ್ತು ಹಚ್ಚಿದ.

ಸೀರೆಗಳ ಅಡಿಯಲ್ಲಿ ಹನ್ನೆರಡನೇ ಭಾಗವಿತ್ತು. ಕೊನೆಯ ಎರಡು ಹಾಳೆಗಳ ಅಂಚು ಕೂಡಿಸಿ ಬಿಳಿ ದಾರದಲ್ಲಿ ಕಚ್ಚಾ ಹೊಲಿಗೆ ಹಾಕಿತ್ತು, ರವಿಕೆಯ ಅಳತೆ ನೋಡುವ ಮೊದಲು ಅಕ್ಕ ಹಾಕುವಂಥದ್ದೇ. ಹೊಲಿಗೆಯ ಸಂದಿನಲ್ಲಿ ಇಣುಕಿದ. ಖಾಲಿ ಕುರ್ಚಿ. ಅದರ ಮೇಲೆ ಮಡಿಸಿಟ್ಟ ನೀಲಿ ಮೇಲಂಗಿ.

ಆಸ್ಪತ್ರೆಯಿಂದ ಕಳಿಸುವಾಗ ಡಾಕ್ಟರು ಅಕ್ಕನಿಗೆ ಹೇಳಿದ ಮಾತು ನೆನಪಾಯಿತು: "ಇವರ ಮನಸ್ಸಿಗೆ ಆಘಾತ ಆಗೋ ಹಾಗೆ ಏನೂ ಹೇಳ್ಬೇಡಿ."

ಅವನಿಗೆ ನಾಚಿಕೆಯಾಯಿತು. ಎದೆಯಲ್ಲಿ ನೋವೂ ಆಯಿತು, ಅದು ಡಾಕ್ಟರು ಹೇಳಿದ ನೋವಲ್ಲ. ಬೀರು ಮುಚ್ಚದೆ ಅಲ್ಲೇ ನೆಲದ ಮೇಲೆ ಕುಳಿತ.

ಅಕ್ಕ ಬಂದು ಬಾಗಿಲಲ್ಲೇ ನಿಂತಳು. "ಬೀಗ ತೆಗೆದ್ಯಾ?"

"ತೆಗೆದೆ. ತಪ್ಪಾಯ್ತಕ್ಕ."

"ಮಿಂಚುಳ್ಳಿ ಹದಿನಾರರೊಳಗೆ ಬದುಕಿ ಬರ್ತಾನೇನೋ, ಆಮೇಲೆ ಎಲ್ಲಾ ಒಟ್ಟಿಗೆ ಕೊಡೋಣ ಅಂತಿದ್ದೆ ಕಣೋ," ಎಂದಳು. "ದಾರಾನೂ ಬಿಚ್ಚಿದ್ಯಾ?"

"ಇಲ್ಲ." ಪುಸ್ತಕವನ್ನು ಅವಳತ್ತ ಚಾಚಿದ. "ಅದನ್ನ ನೀನೇ ಬಿಚ್ಚು. ಪಕ್ಕದಲ್ಲಿ ಕೂತ್ಕೊಂಡು ಬಿಚ್ಚು."